ಪ್ಯಾಕೆಟ್ ಫುಡ್ ಮತ್ತು ನಮ್ಮ ನಾಯಿ: ನಿಮ್ಮ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಸುವಿನದ್ದು ಕಡಿಮೆ, ನಾಯಿಯದ್ದೇ ಜಾಸ್ತಿ. ಅದರಲ್ಲೂ ಡಾಗ್ ಫುಡ್ ಬಗ್ಗೆ. ಮಣ್ಣುತ್ತಿಯ ಪಶುವೈದ್ಯ ಕಾಲೇಜಿನಲ್ಲಿ ಓದು ಮುಗಿಸಿ ನಾನು ಕಾಸರಗೋಡು ಜಿಲ್ಲೆಯ ಮೃಗಾಸ್ಪತ್ರೆಗೆ ಸೇರಿದ ಕಾಲದಲ್ಲಿ ನಮ್ಮ ಬದಿಯಡ್ಕ, ಪೆರ್ಲ ಪೇಟೆಗಳಲ್ಲಿ ಈ ಚೀಲಗಳು ಕಾಣಲು ಸಿಗುತ್ತಿರಲಿಲ್ಲ. ಈಗ ಹಿಂಡಿ, ಗೊಬ್ಬರ ಮಾರುವ ಅಂಗಡಿಯಲ್ಲೂ ಇವೆ. ಪ್ಯಾಕೆಟ್ ಫುಡ್ ವಿಷವೂ ಅಲ್ಲ, ಅಮೃತವೂ ಅಲ್ಲ. ಅದರೊಳಗೆ ಏನಿದೆ, ಮನೆಗೆ ಬಂದ ಮೇಲೆ ಅದು ಏನಾಗುತ್ತದೆ, ಇವೆರಡನ್ನೂ ನೋಡಬೇಕು. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇನೆ.

ಡಾಕ್ಟ್ರೇ, ನಮ್ಮಲ್ಲಿ ಲ್ಯಾಬ್ರಡಾರ್ ಇದೆ. ಚೀಲದ ಮೇಲೆ ಕೋಳಿ ಮಾಂಸ, ಕ್ಯಾರೆಟ್, ಬಟಾಣಿಯ ಚಂದದ ಚಿತ್ರ. ಹಿಂದೆ ತಿರುಗಿಸಿದರೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ‘ಸೀರಿಯಲ್ಸ್’, ‘ಬೈ-ಪ್ರಾಡಕ್ಟ್ಸ್’ ಎಂದೆಲ್ಲ ಇದೆ. ನಾವು ದುಡ್ಡು ಕೊಡುವುದು ಕೋಳಿಗೋ, ಕಸಕ್ಕೋ? — ಕೃಷಿಕರು, ನೀರ್ಚಾಲು

ನೀವು ಚೀಲ ತಿರುಗಿಸಿ ನೋಡಿದ್ದೀರಲ್ಲ, ಅದೇ ಸರಿಯಾದ ಕೆಲಸ. ಚಿತ್ರ ನೋಡಿ ಕೊಳ್ಳಬೇಡಿ. ಕೆಂಪು, ಹಸಿರು ಕಾಳುಗಳನ್ನು ನೋಡಿಯೂ ಕೊಳ್ಳಬೇಡಿ. ನಾಯಿಯ ಕಣ್ಣಿಗೆ ಚೆನ್ನಾಗಿ ತಿಳಿಯುವ ಬಣ್ಣ ಹಳದಿ ಮತ್ತು ನೀಲಿ. ಕೆಂಪು–ಹಸಿರಿನ ವ್ಯತ್ಯಾಸ ಅದಕ್ಕೆ ಗೊತ್ತಾಗುವುದಿಲ್ಲ. ಆ ಬಣ್ಣ ಹಾಕಿರುವುದು ನಮಗಾಗಿ.

ಪದಾರ್ಥಗಳ ಪಟ್ಟಿಯನ್ನು ಸಾಮಾನ್ಯವಾಗಿ ತೂಕದ ಪ್ರಕಾರ ಬರೆಯುತ್ತಾರೆ. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಮೊದಲನೆಯದು ಮೆಕ್ಕೆಜೋಳ ಅಥವಾ ‘ಸೀರಿಯಲ್ಸ್’ ಎಂದಿದ್ದರೆ ಆ ಚೀಲದಲ್ಲಿ ಧಾನ್ಯವೇ ಹೆಚ್ಚು. ಧಾನ್ಯ ಎಂದ ಕೂಡಲೇ ಕೆಟ್ಟದ್ದು ಎಂದಲ್ಲ, ಬೇಯಿಸಿದ ಧಾನ್ಯವನ್ನು ನಾಯಿ ಚೆನ್ನಾಗಿಯೇ ಜೀರ್ಣಿಸುತ್ತದೆ. ಆದರೆ ಕೋಳಿಯ ಚಿತ್ರ ಹಾಕಿ ಜೋಳ ಮಾರುವಾಗ ಬೆಲೆಯೂ ಜೋಳಕ್ಕೆ ತಕ್ಕಂತೆ ಇರಬೇಕಲ್ವಾ?

ಇಲ್ಲಿ ಎರಡು ಕಡೆ ಕಣ್ಣು ತಪ್ಪುತ್ತದೆ. ಮೊದಲಿಗೆ ‘ಚಿಕನ್’ ಎಂದಿದೆ ಅನ್ನಿ. ಹಸಿ ಕೋಳಿ ಮಾಂಸದಲ್ಲಿ 100 ಗ್ರಾಂಗೆ 70 ಗ್ರಾಂ ಆಸುಪಾಸು ನೀರೇ ಇರುತ್ತದೆ. ತೂಗುವಾಗ ಅದು ಮೊದಲ ಸ್ಥಾನದಲ್ಲಿರುತ್ತದೆ, ಕಾಳಾಗಿ ಒಣಗಿದ ಮೇಲೆ ಎಷ್ಟೋ ಕೆಳಗೆ ಇಳಿಯುತ್ತದೆ. ‘ಚಿಕನ್ ಮೀಲ್’ ಎಂದಿದ್ದರೆ ಬೇಯಿಸಿ, ಕೊಬ್ಬು ತೆಗೆದು, ಒಣಗಿಸಿದ ಪುಡಿ. ಹೆಸರು ಕೇಳಲು ಚಂದ ಇಲ್ಲ, ಆದರೆ ಅಷ್ಟೇ ತೂಕದಲ್ಲಿ ಪ್ರೋಟೀನ್ ಅದರಲ್ಲೇ ಹೆಚ್ಚು. ಇನ್ನೊಂದು, ಒಂದೇ ಧಾನ್ಯವನ್ನು ಒಡೆದು ಬರೆಯುವುದು. ಚಿಕನ್ ಮೀಲ್ ಮೊದಲು, ಆಮೇಲೆ ಮೆಕ್ಕೆಜೋಳ, ಮೆಕ್ಕೆಜೋಳದ ಗ್ಲುಟನ್ (ಕಾಳಿನ ಪ್ರೋಟೀನ್ ಭಾಗ), ಮೆಕ್ಕೆಜೋಳದ ತೌಡು ಹೀಗೆ ಬೇರೆ ಬೇರೆಯಾಗಿ. ಮೂರನ್ನೂ ಕೂಡಿಸಿದರೆ ಜೋಳವೇ ಮೊದಲಿಗೆ ಬರುತ್ತಿತ್ತು.

‘ಬೈ-ಪ್ರಾಡಕ್ಟ್’ ಎಂದರೆ ಕಸ ಎಂದು ತಿಳಿಯಬೇಕಾಗಿಲ್ಲ. ಮನುಷ್ಯರು ಹೆಚ್ಚಾಗಿ ತಿನ್ನದ ಭಾಗಗಳು: ಲಿವರ್, ಶ್ವಾಸಕೋಶ, ಕರುಳು, ಕೋಳಿಯ ಕಾಲು, ತಲೆ. ಲಿವರ್ ಅಂತೂ ನಾಯಿಗೆ ಒಳ್ಳೆಯದೇ. ನನ್ನ ತಕರಾರು ಇರುವುದು ಹೆಸರು ಹೇಳದಿರುವ ಬಗ್ಗೆ. ‘ಚಿಕನ್ ಬೈ-ಪ್ರಾಡಕ್ಟ್’ ಎಂದರೆ ಕೋಳಿಯದ್ದು ಎಂದಾದರೂ ಗೊತ್ತು. ಬರೀ ‘ಮೀಟ್ ಆ್ಯಂಡ್ ಅನಿಮಲ್ ಡಿರೈವೇಟಿವ್ಸ್’ ಎಂದರೆ ಯಾವ ಪ್ರಾಣಿ, ಯಾವ ಭಾಗ ಒಂದೂ ತಿಳಿಯುವುದಿಲ್ಲ. ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಆಗಬಹುದು. ಚರ್ಮದ ಅಲರ್ಜಿ ಇರುವ ನಾಯಿಗೆ ಅಂಥದ್ದು ಬೇಡವೇ ಬೇಡ.

ಇನ್ನು ‘ಕ್ರೂಡ್ ಪ್ರೋಟೀನ್ 22%’ ಎಂಬ ಸಂಖ್ಯೆ. ಲ್ಯಾಬಿನಲ್ಲಿ ಪ್ರೋಟೀನನ್ನೇ ನೇರ ಅಳೆಯುವುದಿಲ್ಲ. ಅದರಲ್ಲಿರುವ ನೈಟ್ರೋಜನ್ ಅಳೆದು 6.25ರಿಂದ ಗುಣಿಸುತ್ತಾರೆ. ಅದು ಮಾಂಸದಿಂದ ಬಂತೋ, ಪುಕ್ಕದಿಂದ ಬಂತೋ ಈ ಲೆಕ್ಕಕ್ಕೆ ತಿಳಿಯುವುದಿಲ್ಲ. ಈ ಸಂದನ್ನು ಬಳಸಿಕೊಂಡು ದೊಡ್ಡ ಮೋಸವೇ ಆಗಿದೆ. 2007ರಲ್ಲಿ ಅಮೆರಿಕ, ಕೆನಡಾಗಳಲ್ಲಿ ನಾಯಿ ಬೆಕ್ಕುಗಳು ಕಿಡ್ನಿ ಹಾಳಾಗಿ ಸಾಯತೊಡಗಿದವು. ಹುಡುಕಿದಾಗ ಚೀನಾದಿಂದ ತರಿಸಿದ ಗೋಧಿ ಗ್ಲುಟನ್‌ನಲ್ಲಿ ಮೆಲಮೈನ್ ಸಿಕ್ಕಿತು. ಪ್ಲಾಸ್ಟಿಕ್ ತಟ್ಟೆ ಮಾಡಲು ಬಳಸುವ ರಾಸಾಯನಿಕ ಅದು. ಅದರ ತೂಕದ ಮೂರನೇ ಎರಡು ಪಾಲು ನೈಟ್ರೋಜನ್. ಬೆರೆಸಿದರೆ ಪರೀಕ್ಷೆಯಲ್ಲಿ ಪ್ರೋಟೀನ್ ಜಾಸ್ತಿ ಕಾಣುತ್ತದೆ. ಜೊತೆಗಿದ್ದ ಸಯನ್ಯೂರಿಕ್ ಆ್ಯಸಿಡ್ ಎಂಬ ಇನ್ನೊಂದು ವಸ್ತುವಿನೊಂದಿಗೆ ಸೇರಿ ಅದು ಕಿಡ್ನಿಯೊಳಗೆ ಹರಳುಗಟ್ಟಿತು. 6 ಕೋಟಿಗೂ ಹೆಚ್ಚು ಡಬ್ಬಿ, ಪೌಚ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದರು. ಅಗ್ಗದ್ದೂ ದುಬಾರಿಯದ್ದೂ ಬೇರೆ ಬೇರೆ ಹೆಸರಲ್ಲಿ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಅದಕ್ಕೇ ಬರೀ ಬೆಲೆ ನೋಡಿ ನಂಬಬೇಡಿ ಎಂದು ಹೇಳುತ್ತೇನೆ.

ಡ್ರೈ ಫುಡ್ ಮತ್ತು ಗ್ರೇವಿ ಪೌಚ್ ಹೋಲಿಸುವಾಗ ನೀರಿನ ಅಂಶ ಕಳೆಯಿರಿ. ಪೌಚ್‌ನಲ್ಲಿ ಪ್ರೋಟೀನ್ 8% ಮಾತ್ರ ಎಂದು ಕಾಣಬಹುದು. ಆದರೆ ಅದರಲ್ಲಿ ನೀರೇ 80%. ಉಳಿದ 20 ಭಾಗದಲ್ಲಿ 8 ಎಂದರೆ 40% ಆಯಿತು. ಹಾಗೆಂದು ಪೌಚ್‌ನಲ್ಲೇ ಹೊಟ್ಟೆ ತುಂಬಿಸಲು ಹೊರಟರೆ ನಿಮ್ಮ ಲ್ಯಾಬ್ರಡಾರ್‌ಗೆ ದಿನಕ್ಕೆ ಹತ್ತಲ್ಲ, ಇಪ್ಪತ್ತೂ ಸಾಲದು.

ಇಷ್ಟೆಲ್ಲ ನೋಡಲು ಪುರುಸೊತ್ತಿಲ್ಲ ಎಂದಾದರೆ ಒಂದನ್ನಾದರೂ ನೋಡಿ. ‘ಕಂಪ್ಲೀಟ್ ಆ್ಯಂಡ್ ಬ್ಯಾಲೆನ್ಸ್ಡ್’ ಎಂದು ಇದೆಯೇ, ಯಾವ ಪ್ರಾಯದ ನಾಯಿಗೆ ಎಂದು ಇದೆಯೇ? ‘ಟ್ರೀಟ್’, ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ಬಾಯಿರುಚಿಗೆ ಮಾತ್ರ, ಊಟಕ್ಕಲ್ಲ. ‘ಆಫ್ಕೋ’ ಎಂದು ಬರೆದಿರುವುದೂ ಕಾಣುತ್ತದೆ. ಅದು ಅಮೆರಿಕದ ಒಂದು ಸಂಘ. ಯಾವ ಪೋಷಕಾಂಶ ಎಷ್ಟಿರಬೇಕೆಂದು ಅದು ಹೇಳುತ್ತದೆ. ಯಾವ ಚೀಲವನ್ನೂ ಪರೀಕ್ಷಿಸಿ ಒಪ್ಪಿಗೆ ಕೊಡುವುದಿಲ್ಲ. ನಮ್ಮ ದೇಶದ ಮಾನದಂಡದ ನಂಬರ್ ಐಎಸ್ 11968.

ಮುಂದೆ ಲ್ಯಾಬ್ರಡಾರ್ ಮರಿ ತಂದರೆ ‘ಲಾರ್ಜ್ ಬ್ರೀಡ್ ಪಪ್ಪಿ’ ಎಂದಿರುವುದನ್ನೇ ಕೊಡಿ. ದೊಡ್ಡ ಜಾತಿಯ ಮರಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ. ಒಳ್ಳೆಯ ಪ್ಯಾಕೆಟ್ ಫುಡ್ ಕೊಡುತ್ತಾ ಮೇಲಿಂದ ಕ್ಯಾಲ್ಸಿಯಂ ಸಿರಪ್ಪನ್ನೂ ಹಾಕಿ ಮರಿಯ ಕಾಲು ಸೊಟ್ಟ ಮಾಡಿಕೊಂಡವರನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಮಾಡಿರುತ್ತಾರೆ, ಆದರೆ ಎಲುಬಿಗೆ ಅದು ತಿಳಿಯುವುದಿಲ್ಲ.

ಮಳೆಗಾಲದಲ್ಲಿ 10 ಕಿಲೋ ಚೀಲ ತಂದು ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದೆ. ಅರ್ಧ ಆಗುವಾಗ ಒಂದು ಥರ ವಾಸನೆ ಬಂತು. ನಾಯಿ ಮೂಸಿ ನೋಡಿ ಹೋಗುತ್ತದೆ. ಬಿಸಿಲಿಗೆ ಹಾಕಿ, ಬಿಸಿ ಅನ್ನದ ಜೊತೆ ಕಲಸಿ ಕೊಡಬಹುದಾ? ಬಿಸಾಡಲು ಮನಸ್ಸು ಬರುವುದಿಲ್ಲ. — ಗೃಹಿಣಿ, ಕುಂಬಳೆ

ಅಕ್ಕಾ, ಬೇಡ. ದಯವಿಟ್ಟು ಕೊಡಬೇಡಿ. ಬಿಸಾಡಿ. ದನಕ್ಕೆ, ಕೋಳಿಗೆ ಕೂಡ ಹಾಕಬೇಡಿ.

ಪದಾರ್ಥಗಳ ಬಗ್ಗೆ ಜನ ತುಂಬ ಕೇಳುತ್ತಾರೆ. ಬೂಸ್ಟಿನ ಬಗ್ಗೆ ಕೇಳುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಊರಿನಲ್ಲಿ ಪ್ಯಾಕೆಟ್ ಫುಡ್‌ನಿಂದ ಬರುವ ದೊಡ್ಡ ಅಪಾಯ ಇದೇ. ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಜಾಗ ನಮ್ಮದು. ಆಟಿ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಕಪಾಟಿನ ಬಟ್ಟೆ ಎಲ್ಲದಕ್ಕೂ ಬೂಸ್ಟು ಹಿಡಿಯುತ್ತದೆ. ಡ್ರೈ ಫುಡ್ ಕಾರ್ಖಾನೆಯಿಂದ ಹೊರಡುವಾಗ ಅದರಲ್ಲಿ ತೇವಾಂಶ ಇರುವುದು 10% ಆಸುಪಾಸು. ಚೀಲದ ಬಾಯಿ ತೆರೆದಿಟ್ಟರೆ ಅದು ಗಾಳಿಯ ಪಸೆ ಹೀರುತ್ತದೆ.

ಮೆಕ್ಕೆಜೋಳ, ನೆಲಗಡಲೆ, ಕೊಬ್ಬರಿ ಹಿಂಡಿ ಇವುಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹಸು ಸಾಕುವವರಿಗೆ ಈ ಹೆಸರು ಹೊಸತಲ್ಲ. ಬಿಸಿಲು, ಕುದಿಸುವುದು ಇವುಗಳಿಂದ ಬೂಸ್ಟು ಸಾಯಬಹುದು, ವಿಷ ಹೋಗುವುದಿಲ್ಲ. ಮೇಲಿನ ಬಿಳಿ ಒರೆಸಿದರೂ ಹೋಗುವುದಿಲ್ಲ. ಕಣ್ಣಿಗೆ ಬೂಸ್ಟೇ ಕಾಣದ ಕಾಳಿನಲ್ಲೂ ವಿಷ ಇರಬಹುದು. ಯಾಕೆಂದರೆ ಹೊಲದಲ್ಲೋ, ಗೋದಾಮಿನಲ್ಲೋ ಜೋಳಕ್ಕೆ ಮೊದಲೇ ಹಿಡಿದಿರುತ್ತದೆ. ಹಾಗೆ ಕಾರ್ಖಾನೆಯಿಂದಲೇ ವಿಷ ಬಂದದ್ದೂ ಉಂಟು. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಇದೇ ಕಾರಣಕ್ಕೆ ನಾಯಿಗಳು ಸತ್ತು ಚೀಲಗಳನ್ನು ವಾಪಸ್ ತೆಗೆದರು. ಅಲ್ಲಿನ ಮಿತಿ 100 ಕೋಟಿ ಪಾಲಿನಲ್ಲಿ 20 ಪಾಲು ಮಾತ್ರ. ಅಷ್ಟು ಚೂರಿಗೇ ಹೆದರುತ್ತಾರೆ ಎಂದರೆ ವಿಷದ ಜೋರು ಲೆಕ್ಕ ಹಾಕಿ.

ನಮ್ಮ ದೇಶದ ಕತೆ ಇನ್ನೂ ಹಳೆಯದು. 1974ರಲ್ಲಿ ಗುಜರಾತ್, ರಾಜಸ್ಥಾನದ ಗಡಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು 100ಕ್ಕೂ ಹೆಚ್ಚು ಜನ ಕಾಮಾಲೆಯಾಗಿ ಸತ್ತರು. ಅದೇ ಮನೆಗಳ ನಾಯಿಗಳೂ ಅದೇ ರೋಗಕ್ಕೆ ಬಿದ್ದಿದ್ದವು. ಮನುಷ್ಯರ ಲಿವರ್ ಸುಡುವ ವಿಷಕ್ಕೆ ನಾಯಿ ಇನ್ನೂ ಸೂಕ್ಷ್ಮ.

ಕೆಟ್ಟ ಚೀಲ ಹೇಗಿರುತ್ತದೆ ಎಂದು ಹೇಳುತ್ತೇನೆ. ಮೇಲಿನ ಕಾಳು ಚೆನ್ನಾಗಿಯೇ ಕಾಣುತ್ತದೆ. ಕೈ ಅಡಿಯವರೆಗೆ ಇಳಿಸಿ. ಹೊಲಿಗೆಯ ಮೂಲೆಯಲ್ಲಿ ನಾಲ್ಕೈದು ಕಾಳು ಒಂದಕ್ಕೊಂದು ಅಂಟಿ ಉಂಡೆಯಾಗಿರುತ್ತದೆ. ಬೆರಳಲ್ಲಿ ಒತ್ತಿದರೆ ಟಕ್ಕನೆ ಒಡೆಯುವುದಿಲ್ಲ, ಮೆತ್ತಗೆ ಬಗ್ಗುತ್ತದೆ. ಒಡೆದು ನೋಡಿದರೆ ಒಳಗೆ ಬೂದಿಬಣ್ಣದ ಅಥವಾ ಹಸಿರು ಪುಡಿ. ಕೆಲವು ಸಲ ಜೇಡರ ಬಲೆಯಂಥ ನೂಲು, ಸಣ್ಣ ಹುಳ. ವಾಸನೆ ಎರಡು ಬಗೆ: ಮುಗ್ಗಲು ಬಂದರೆ ಬೂಸ್ಟು, ಹಳೆ ಎಣ್ಣೆಯ ಕಮಟು ಬಂದರೆ ಕೊಬ್ಬು ಕೆಟ್ಟಿದೆ. ಎರಡೂ ಬೇಡ. ನಿಮ್ಮ ನಾಯಿ ಮೂಸಿ ಬಿಟ್ಟು ಹೋಯಿತಲ್ಲ, ಅದರ ಮೂಗನ್ನು ನಂಬಿ.

ಈಗಾಗಲೇ ತಿಂದಿದ್ದರೆ ಗಮನಿಸಿ. ಮಂಕಾಗುವುದು, ಊಟ ಬಿಡುವುದು, ವಾಂತಿ, ಕಣ್ಣಿನ ಬಿಳಿ ಮತ್ತು ಒಸಡು ಹಳದಿಯಾಗುವುದು, ಮೂತ್ರ ಕಡು ಹಳದಿ, ಮಲದಲ್ಲಿ ರಕ್ತ. ಹೀಗಾದರೆ ಮರುದಿನಕ್ಕೆ ಕಾಯಬೇಡಿ. ಇದಕ್ಕೆ ಬೇರೆ ಮದ್ದಿಲ್ಲ, ಲಿವರನ್ನು ಉಳಿಸಿಕೊಳ್ಳುವ ಚಿಕಿತ್ಸೆ ಮಾತ್ರ. ಬೇಗ ಬಂದಷ್ಟು ಒಳ್ಳೆಯದು. ಬರುವಾಗ ಚೀಲವನ್ನೂ ತನ್ನಿ. ನಮ್ಮಲ್ಲಿ ನಾಯಿಗೆ ಕಾಮಾಲೆ ಇಲಿಜ್ವರದಿಂದ, ಉಣ್ಣಿಯಿಂದ ಬರುವ ಜ್ವರದಿಂದಲೂ ಬರುತ್ತದೆ. ಹಾಗಾಗಿ ಆಹಾರದ್ದೇ ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಇಲಿಜ್ವರವಾದರೆ ಅದು ಮನೆಮಂದಿಗೂ ಹರಡಬಹುದು.

ಇಡುವ ಕ್ರಮ ಹೀಗೆ. ಮಳೆಗಾಲದಲ್ಲಿ ಚಿಕ್ಕ ಚೀಲವನ್ನೇ ತನ್ನಿ, ತೆರೆದ ಮೇಲೆ ಮೂರು ವಾರದೊಳಗೆ ಮುಗಿಯುವಷ್ಟು. ಕಾಳನ್ನು ಡಬ್ಬಿಗೆ ಸುರಿಯುವ ಬದಲು ಚೀಲದ ಸಮೇತ ಮುಚ್ಚಳ ಬಿಗಿ ಇರುವ ಡಬ್ಬಿಯೊಳಗೆ ಇಡಿ. ಬ್ಯಾಚ್ ನಂಬರ್, ತಾರೀಕು ಆಗ ಕಳೆದುಹೋಗುವುದಿಲ್ಲ. ಡಬ್ಬಿಯ ಗೋಡೆಗೆ ಅಂಟಿದ ಹಳೆ ಕೊಬ್ಬು ಹೊಸ ಕಾಳನ್ನು ಕೆಡಿಸುವುದೂ ಇಲ್ಲ. ನೆಲದಲ್ಲಿ ಇಡಬೇಡಿ, ಮಣೆಯ ಮೇಲೆ ಇಡಿ. ಒದ್ದೆ ಕೈ, ಒದ್ದೆ ಲೋಟ ಹಾಕಬೇಡಿ. ನಾಯಿ ಬಿಟ್ಟದ್ದನ್ನು ವಾಪಸ್ ಸುರಿಯಲೇಬೇಡಿ.

ಸತ್ತ ನಾಯಿ, ಬೆಕ್ಕುಗಳನ್ನೇ ಅರೆದು ಡಾಗ್ ಫುಡ್ ಮಾಡುತ್ತಾರೆ ಎಂಬ ವೀಡಿಯೊ ನೋಡಿದೆ. ಆಮೇಲೆ ನಮ್ಮ ಟೈಗರ್‌ಗೆ ಹಾಕಲು ಕೈ ಬರುತ್ತಿಲ್ಲ. ನಿಜವಾ ಸರ್? — ಕಾಲೇಜು ವಿದ್ಯಾರ್ಥಿನಿ, ಪೆರ್ಲ

ಈ ಸುದ್ದಿ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಕೆಲವು ಡಾಗ್ ಫುಡ್‌ಗಳಲ್ಲಿ ಪೆಂಟೊಬಾರ್ಬಿಟಾಲ್ ಸಿಕ್ಕಿತ್ತು. ಪ್ರಾಣಿಗಳಿಗೆ ದಯಾಮರಣ ಕೊಡಲು ಚುಚ್ಚುವ ಮದ್ದು ಅದು. ಹಾಗಾದರೆ ಒಳಗೆ ನಾಯಿಯ ಮಾಂಸವೇ ಇರಬೇಕು ಎಂದು ಜನ ಊಹಿಸಿದರು. ಆಹಾರ, ಮದ್ದುಗಳ ಮೇಲೆ ಕಣ್ಣಿಡುವ ಅಲ್ಲಿನ ಸರಕಾರಿ ಸಂಸ್ಥೆ ಎಫ್‌ಡಿಎ, ಡಿಎನ್‌ಎ ಪರೀಕ್ಷೆ ಮಾಡಿ 2002ರಲ್ಲಿ ವರದಿ ಕೊಟ್ಟಿತು. ಮದ್ದಿನ ಚೂರು ಅಂಶ ಕೆಲವು ಸ್ಯಾಂಪಲ್‌ಗಳಲ್ಲಿ ಇತ್ತು, ನಾಯಿ ಬೆಕ್ಕಿನ ಮಾಂಸದ ಗುರುತು ಒಂದರಲ್ಲೂ ಇರಲಿಲ್ಲ. ಮದ್ದು ಬಂದದ್ದು ಆ ಚುಚ್ಚುಮದ್ದು ಕೊಟ್ಟ ದನ, ಕುದುರೆಗಳಿಂದ ಇರಬೇಕು ಎಂದು ಅಂದಾಜಿಸಿದರು. ಪ್ರಾಣಿಯ ಉಳಿಕೆಗಳನ್ನು ಭಾರೀ ಬಿಸಿಯಲ್ಲಿ ಬೇಯಿಸಿ ಕೊಬ್ಬು ಮತ್ತು ಪುಡಿ ಬೇರೆ ಮಾಡುತ್ತಾರೆ. ಆ ಬಿಸಿಗೆ ರೋಗಾಣು ಸಾಯುತ್ತದೆ, ಈ ಮದ್ದು ಸಾಯುವುದಿಲ್ಲ. 2017ರಲ್ಲೂ ಒಂದು ಡಬ್ಬಿ ಆಹಾರದಲ್ಲಿ ಇದೇ ಮದ್ದು ಸಿಕ್ಕಿ ವಾಪಸ್ ತೆಗೆಸಿದ್ದರು.

ಅಂದರೆ ವೀಡಿಯೊ ಹೇಳಿದ್ದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಕಚ್ಚಾ ಮಾಲು ಎಲ್ಲಿಂದ ಬಂತು ಎಂದು ಕೇಳುವುದು ಮಾತ್ರ ನ್ಯಾಯವೇ. ಪ್ಯಾಕೆಟ್‌ನಲ್ಲಿ ಗ್ರಾಹಕರ ದೂರಿಗೆಂದು ಫೋನ್, ಇಮೇಲ್ ಕೊಡಬೇಕೆಂಬ ನಿಯಮ ಇದೆ. ಅಲ್ಲಿಗೆ ಬರೆದು ಕೇಳಮ್ಮ, “ಮೀಟ್ ಮೀಲ್ ಯಾವ ಪ್ರಾಣಿಯದ್ದು, ಅಫ್ಲಾಟಾಕ್ಸಿನ್‌ಗೆ ಪ್ರತಿ ಬ್ಯಾಚ್ ಪರೀಕ್ಷೆ ಮಾಡುತ್ತೀರಾ” ಎಂದು. ನೇರ ಉತ್ತರ ಕೊಡುವ ಕಂಪನಿಯದ್ದನ್ನು ತೆಗೆದುಕೊ. ಟೈಗರ್‌ಗೆ ಅಷ್ಟರವರೆಗೆ ಹೆದರದೆ ಊಟ ಹಾಕು.

ನಮ್ಮದು ಮಾಂಸ, ಮೀನು ಇಲ್ಲದ ಮನೆ. ತೋಟದ ಕಾವಲಿಗೆ ಊರ ನಾಯಿ ಇದೆ. ಮೊದಲಿಂದಲೂ ಮೊಸರನ್ನ. ಮಗ ಚಿಕನ್ ಇರುವ ಪ್ಯಾಕೆಟ್ ತರುತ್ತೇನೆ ಎನ್ನುತ್ತಾನೆ, ನನ್ನ ತಾಯಿಗೆ ಇಷ್ಟ ಇಲ್ಲ. ವೆಜ್ ಡಾಗ್ ಫುಡ್ ಸಾಕಾಗುತ್ತದೆಯೇ? — ಅಡಿಕೆ ಕೃಷಿಕರು, ಮುಳ್ಳೇರಿಯ

ಸಾಕಾಗುತ್ತದೆ, ಅದು ‘ಕಂಪ್ಲೀಟ್’ ಎಂದು ಇದ್ದರೆ. ಬೆಕ್ಕು ಮಾಂಸವಿಲ್ಲದೆ ಬದುಕಲಾರದು, ನಾಯಿ ಹಾಗಲ್ಲ. ತೋಳದಿಂದ ಬೇರೆಯಾಗಿ ಮನುಷ್ಯರ ಅಂಗಳಕ್ಕೆ ಬಂದ ಮೇಲೆ ಪಿಷ್ಟ ಜೀರ್ಣಿಸುವ ಜೀನ್ ಅದರಲ್ಲಿ ಹೆಚ್ಚಿತು ಎಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಅನ್ನ ತಿನ್ನಲು ಅದರ ಮೈ ಒಗ್ಗಿದೆ.

ಆದರೆ ಬರೀ ಮೊಸರನ್ನ ಸಾಲದು. ಅದರಲ್ಲಿ ಪ್ರೋಟೀನ್ ಕಡಿಮೆ, ಕಬ್ಬಿಣ, ಸತು ಇನ್ನೂ ಕಡಿಮೆ. ವಿಟಮಿನ್ ಡಿ ನಮಗೆ ಬಿಸಿಲಿನಿಂದ ಸಿಗುತ್ತದೆ. ನಾಯಿಯ ಚರ್ಮ ಅದನ್ನು ಬೇಕಾದಷ್ಟು ತಯಾರಿಸುವುದಿಲ್ಲ, ಊಟದಿಂದಲೇ ಬರಬೇಕು. ಈಗಲೇ ಅಂಗಳಕ್ಕೆ ಹೋಗಿ ನೋಡಿ. ಬೆನ್ನ ಮೇಲಿನ ರೋಮ ಹೊಳಪಿಲ್ಲದೆ ಒರಟಾಗಿದೆಯೇ? ಕೈಯಾಡಿಸಿದರೆ ಬಿಳಿ ಹೊಟ್ಟು ಉದುರುತ್ತದೆಯೇ? ತುಟಿ ಎತ್ತಿ ನೋಡಿದರೆ ಒಸಡು ಗುಲಾಬಿ ಇದೆಯೇ, ಬಿಳಿಚಿದೆಯೇ? ಸೊಂಟದ ಎಲುಬು ಎದ್ದು ಕಾಣುತ್ತದೆಯೇ? ಒಸಡು ಬಿಳಿಚಿದ್ದರೆ ಹುಳ, ಉಣ್ಣಿಯೂ ಕಾರಣ ಇರಬಹುದು, ಒಮ್ಮೆ ಮೃಗಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಮೊಟ್ಟೆಗೆ ಅಮ್ಮನ ಒಪ್ಪಿಗೆ ಇದ್ದರೆ ದಿನಕ್ಕೊಂದು ಬೇಯಿಸಿದ ಮೊಟ್ಟೆ ಬಹಳ ಒಳ್ಳೆಯದು. ಅದೂ ಬೇಡವಾದರೆ ವೆಜ್ ಕಂಪ್ಲೀಟ್ ಫುಡ್ ತನ್ನಿ. ಪಟ್ಟಿಯಲ್ಲಿ ಸೋಯಾ, ಜೊತೆಗೆ ಮಿಥಿಯೋನಿನ್, ಟಾರಿನ್ ಎಂಬ ಅಮೈನೋ ಆಮ್ಲಗಳನ್ನು ಸೇರಿಸಿದ್ದು ಕಂಡರೆ ಸಂತೋಷ. ಮೊಸರನ್ನವನ್ನು ಪೂರ್ತಿ ನಿಲ್ಲಿಸಬೇಕೆಂದಿಲ್ಲ, ಮುಕ್ಕಾಲು ಪಾಲು ಕಂಪ್ಲೀಟ್ ಫುಡ್, ಮೇಲಿಂದ ಸ್ವಲ್ಪ ಮೊಸರನ್ನ. ಒಂದು ವಾರದಲ್ಲಿ ನಿಧಾನ ಬದಲಿಸಿ, ಇಲ್ಲವಾದರೆ ಭೇದಿ ಹಿಡಿಯುತ್ತದೆ. ಗಬ್ಬದ ನಾಯಿ, ಮರಿಗಳಿಗೆ ಮಾತ್ರ ವೆಜ್ ಬಗ್ಗೆ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ.

ಮಂಗಳೂರಿನ ಅಂಗಡಿಯವರು ಧಾನ್ಯವೇ ಇಲ್ಲದ್ದು ಆರೋಗ್ಯಕ್ಕೆ ಒಳ್ಳೆಯದು ಎಂದು ‘ಗ್ರೇನ್ ಫ್ರೀ’ ಕೊಟ್ಟಿದ್ದಾರೆ. ಬೆಲೆ ಎರಡು ಪಟ್ಟು. ತರಲೇಬೇಕಾ? — ಬ್ಯಾಂಕ್ ಉದ್ಯೋಗಿ, ಮಂಜೇಶ್ವರ

ಬೇಡ. ಧಾನ್ಯಕ್ಕೆ ಅಲರ್ಜಿ ಇರುವ ನಾಯಿಗಳು ಕಡಿಮೆ. ಆಹಾರದ ಅಲರ್ಜಿ ಬಂದಾಗ ಹೆಚ್ಚಾಗಿ ಕಾರಣ ದನದ ಮಾಂಸ, ಹಾಲು, ಕೋಳಿ. ಧಾನ್ಯ ತೆಗೆದಲ್ಲಿ ಬಟಾಣಿ, ಬೇಳೆ, ಆಲೂಗಡ್ಡೆ ತುಂಬುತ್ತಾರೆ. ಇಂಥ ಆಹಾರಕ್ಕೂ ಹೃದಯದ ಸ್ನಾಯು ಸೋಲುವ ರೋಗಕ್ಕೂ ಸಂಬಂಧ ಇದೆಯೇ ಎಂದು ಅಮೆರಿಕದ ಎಫ್‌ಡಿಎ 2018ರಲ್ಲಿ ವಿಚಾರಣೆ ಶುರು ಮಾಡಿತು. ಖಚಿತ ಕಾರಣ ಇನ್ನೂ ಸಿಕ್ಕಿಲ್ಲ. ಸಂಶಯ ಇರುವುದಕ್ಕೆ ಎರಡು ಪಟ್ಟು ಹಣ ಯಾಕೆ ಕೊಡಬೇಕು? ಉಳಿದ ಹಣದಲ್ಲಿ ರೇಬೀಸ್ ಮತ್ತು ಇಲಿಜ್ವರದ ಲಸಿಕೆ ಹಾಕಿಸಿ.

ಕೆಡದಂತೆ ಹಾಕುವ ರಾಸಾಯನಿಕಗಳಿಂದ ಕ್ಯಾನ್ಸರ್ ಬರುತ್ತದಂತೆ. ಕಂಪನಿಯವರು ಸೇಫ್ ಎನ್ನುತ್ತಾರೆ. ನಮ್ಮ ಊರಿನವರು ಈ ಮಾತನ್ನು ಹೇಗೆ ನಂಬುವುದು? — ಓದುಗರು, ಎಣ್ಮಕಜೆ

ನಿಮ್ಮ ಸಂಶಯದ ಬೇರು ನನಗೆ ಗೊತ್ತು. 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲದಲ್ಲಿ ನಾವೆಲ್ಲ ಕೇಳಿದ್ದು ಇದೇ ‘ಸೇಫ್’ ಎಂಬ ಮಾತು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸುವಾಗ ಎಷ್ಟೋ ಮನೆಗಳ ಬದುಕು ಮುಗಿದಿತ್ತು. ಆದ್ದರಿಂದ ನಂಬಿ ಎಂದು ನಾನು ಹೇಳುವುದಿಲ್ಲ. ಯಾವುದರ ಬಗ್ಗೆ ಏನು ತಿಳಿದಿದೆ ಎಂದು ಹೇಳುತ್ತೇನೆ.

ಡ್ರೈ ಫುಡ್‌ನಲ್ಲಿ ಕೊಬ್ಬು ಇರುತ್ತದೆ. ಏನೂ ಹಾಕದಿದ್ದರೆ ಕಮಟುತ್ತದೆ, ಕಮಟಿದ ಕೊಬ್ಬೂ ಮೈಗೆ ಕೆಟ್ಟದ್ದೇ. ಅದಕ್ಕೆ ಹಾಕುವುದರಲ್ಲಿ ಎಥಾಕ್ಸಿಕ್ವಿನ್ ಎಂಬುದು ನನಗೆ ಇಷ್ಟವಿಲ್ಲ. ರಬ್ಬರು ಬಿರಿಯದಂತೆ ಮಾಡಲೂ ಬಳಸುತ್ತಿದ್ದ ವಸ್ತು. 1997ರಲ್ಲಿ ಎಫ್‌ಡಿಎ ಇದರ ಪ್ರಮಾಣವನ್ನು ಅರ್ಧಕ್ಕೆ ಇಳಿಸಲು ಕಂಪನಿಗಳನ್ನು ಕೇಳಿಕೊಂಡಿತು. ಯುರೋಪಿಯನ್ ಒಕ್ಕೂಟ 2017ರಲ್ಲಿ ಪಶು ಆಹಾರದಲ್ಲಿ ಇದರ ಅನುಮತಿಯನ್ನೇ ತಡೆಹಿಡಿಯಿತು. ಮೀನಿನ ಪುಡಿಗೆ ಮೊದಲೇ ಬೆರೆಸಿರುವುದುಂಟು. ಆಗ ಡಾಗ್ ಫುಡ್ ಲೇಬಲ್‌ನಲ್ಲಿ ಹೆಸರೇ ಕಾಣದಿರಬಹುದು. ಬಿಎಚ್‌ಎ, ಬಿಎಚ್‌ಟಿ ಎಂಬವು ನಾವು ತಿನ್ನುವ ಕೆಲವು ಪ್ಯಾಕೆಟ್ ತಿಂಡಿಗಳಲ್ಲೂ ಇವೆ. ಬಿಎಚ್‌ಎ ಹೆಚ್ಚು ಪ್ರಮಾಣದಲ್ಲಿ ಕೊಟ್ಟ ಇಲಿಗಳಲ್ಲಿ ಮುಂಜಠರದ ಗಡ್ಡೆ ಕಂಡಿತ್ತು. ನಾಯಿಗೆ, ಮನುಷ್ಯರಿಗೆ ಆ ಭಾಗ ಇಲ್ಲ. ಆದರೂ ಬೇರೆ ದಾರಿ ಇರುವಾಗ ಅದೇ ಯಾಕೆ?

‘ಮಿಕ್ಸ್ಡ್ ಟೊಕೊಫೆರಾಲ್ಸ್’ ಅಂದರೆ ವಿಟಮಿನ್ ಇ ಬಳಸಿದ್ದು ಸಿಗುತ್ತದೆ, ಅದನ್ನು ಆರಿಸಿ. ಆದರೆ ಅದರ ತಾಕತ್ತು ಕಡಿಮೆ, ಬೇಗ ಕೆಡುತ್ತದೆ. ತಯಾರಾದ ತಾರೀಕು ನೋಡಿ ಹೊಸತೇ ತನ್ನಿ, ಬೇಗ ಮುಗಿಸಿ.

ಪ್ಯಾಕೆಟ್‌ನ ಗೊಡವೆಯೇ ಬೇಡ ಎಂದು ಅನ್ನ, ಬೂತಾಯಿ ಮೀನು ಬೇಯಿಸಿ ಹಾಕುತ್ತೇವೆ. ಸರಿಯಾ ಡಾಕ್ಟ್ರೇ? — ಮೀನುಗಾರ ಕುಟುಂಬ, ಉಪ್ಪಳ

ಬೂತಾಯಿ ಬಹಳ ಒಳ್ಳೆಯ ಆಹಾರ. ಪ್ರೋಟೀನ್ ಇದೆ, ಒಮೆಗಾ 3 ಕೊಬ್ಬು ಇದೆ, ವಿಟಮಿನ್ ಡಿ ಇದೆ. ಹಸಿಯಾಗಿ ಮಾತ್ರ ಹಾಕಬೇಡಿ. ಕೆಲವು ಹಸಿ ಮೀನುಗಳಲ್ಲಿ ವಿಟಮಿನ್ ಬಿ1 ಹಾಳು ಮಾಡುವ ಅಂಶ ಇರುತ್ತದೆ, ಬೇಯಿಸಿದರೆ ಹೋಗುತ್ತದೆ. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ ಮುಳ್ಳು ಬೆರಳಲ್ಲಿ ಹಿಸುಕುವಂತಾಗಲಿ. ಕೋಳಿಯ ಬೆಂದ ಎಲುಬು ಬೇಡ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಮೀನು ಸಾರನ್ನೇ ಹೊಯ್ಯಬೇಡಿ. ಮೆಣಸು, ಉಪ್ಪು, ಹುಳಿ ಬೇಡ. ನೀರುಳ್ಳಿ ಅಂತೂ ನಾಯಿಯ ರಕ್ತಕಣವನ್ನೇ ಒಡೆಯುತ್ತದೆ.

15 ಕಿಲೋದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಬೇಕು. 400 ಗ್ರಾಂ ಬೆಂದ ಅನ್ನ, 150 ಗ್ರಾಂ ಬೂತಾಯಿ, ಒಂದು ಹಿಡಿ ಬೇಯಿಸಿದ ಸಿಹಿಗುಂಬಳ ಅಥವಾ ಬಸಳೆ, ಒಂದು ಚಮಚ ತೆಂಗಿನೆಣ್ಣೆ, ಎರಡು ಹೊತ್ತಿಗೆ. ಮುಳ್ಳು ತೆಗೆದು ಹಾಕುವವರಾದರೆ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಮೊಟ್ಟೆಯ ಚಿಪ್ಪು ತೊಳೆದು, ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಒಂದು ಚಿಪ್ಪಿನಲ್ಲಿ 2 ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ, ಈ ನಾಯಿಗೆ ದಿನಕ್ಕೆ ಅರ್ಧ ಚಿಪ್ಪು ಸಾಕು. ಆದರೂ ಸತು, ವಿಟಮಿನ್ ಇ ಕಡಿಮೆ ಬೀಳುತ್ತದೆ. ಹತ್ತಿರದ ಮೃಗಾಸ್ಪತ್ರೆಯಲ್ಲಿ ತೂಕಕ್ಕೆ ಸರಿಯಾದ ವಿಟಮಿನ್–ಮಿನರಲ್ ಪುಡಿ ಕೇಳಿ. ದನಕ್ಕೆ ಹಾಕುವ ಮಿನರಲ್ ಮಿಕ್ಸ್‌ಚರನ್ನು ಅಂದಾಜಿಗೆ ಹಾಕಬೇಡಿ.

ಮರಿಗಳಿಗೆ ಈ ಲೆಕ್ಕ ಸಲ್ಲದು. ಒಂದು ವರ್ಷದವರೆಗೆ ಒಳ್ಳೆಯ ಪಪ್ಪಿ ಫುಡ್ ಅರ್ಧಕ್ಕಿಂತ ಹೆಚ್ಚಿರಲಿ, ಅದರ ಮೇಲೆ ಬೂತಾಯಿ ಒಂದೊಂದು ತುಂಡು.

ನನ್ನದು ಸಣ್ಣ ಅಂಗಡಿ. 20 ಕಿಲೋ ಚೀಲ ಒಡೆದು ಲೂಸ್ ಮಾರುತ್ತೇನೆ. ಬಡವರು ಅರ್ಧ ಕಿಲೋ, ಕಾಲು ಕಿಲೋ ಕೇಳುತ್ತಾರೆ. ನಿಲ್ಲಿಸಬೇಕಾ? — ವ್ಯಾಪಾರಿ, ಸೀತಾಂಗೋಳಿ

ನೀವಾಗಿ ಕೇಳಿದ್ದು ನನಗೆ ತುಂಬ ಸಂತೋಷ. ನನ್ನ ಮನಸ್ಸಿಗೆ ಲೂಸ್ ಮಾರಾಟ ಬೇಡ, ಮಳೆಗಾಲದಲ್ಲಿ ಖಂಡಿತ ಬೇಡ. ಕಂಪನಿಯವರದ್ದೇ ಸಣ್ಣ ಸೀಲ್ಡ್ ಪ್ಯಾಕೆಟ್ ತರಿಸಿ. ಕಿಲೋಗೆ ಸ್ವಲ್ಪ ಜಾಸ್ತಿ ಬೀಳುತ್ತದೆ, ಕಾರಣ ಹೇಳಿದರೆ ಜನ ಒಪ್ಪುತ್ತಾರೆ.

ಬೇಸಗೆಯಲ್ಲಿ ಲೂಸ್ ಮಾರಲೇಬೇಕಾಗಿ ಬಂದರೆ ಒಮ್ಮೆಗೆ ಒಂದೇ ಚೀಲ ತೆರೆಯಿರಿ. ತೆರೆದ ತಾರೀಕನ್ನು ಚೀಲದ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ಹಳೆಯದರ ಮೇಲೆ ಹೊಸತು ಸುರಿಯಬೇಡಿ. ಹಿಂಡಿ, ಅಕ್ಕಿಯ ರಾಶಿಯ ಪಕ್ಕ ಇಡಬೇಡಿ, ಹುಳ ದಾಟುತ್ತದೆ. ಇಲಿ ಓಡಾಡುವ ಕಡೆ ಇಡಲೇಬೇಡಿ, ಅದರ ಮೂತ್ರ ಬಿದ್ದರೆ ಇಲಿಜ್ವರವನ್ನೇ ತೂಗಿ ಕೊಟ್ಟ ಹಾಗೆ. ಪ್ರತಿ ಪೊಟ್ಟಣದ ಜೊತೆ ಚೀಟಿಯಲ್ಲಿ ಬ್ರ್ಯಾಂಡ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಕು ಬರೆದು ಕೊಡಿ. ಚೀಲದ ಲೇಬಲ್ ಭಾಗ ಕತ್ತರಿಸಿ, ಆ ಮಾಲು ಮುಗಿದ ಮೇಲೂ ಎರಡು ತಿಂಗಳು ತೆಗೆದಿಡಿ. ಯಾರದ್ದಾದರೂ ನಾಯಿಗೆ ಹುಷಾರು ತಪ್ಪಿದರೆ ವೈದ್ಯರು ಮೊದಲು ಕೇಳುವುದು ಅದನ್ನೇ. ಮಾಲೇ ಕೆಟ್ಟು ಬಂದು, ಕಂಪನಿ ನಿಮ್ಮ ಮಾತಿಗೆ ಕಿವಿಗೊಡದಿದ್ದರೆ ನಿಮ್ಮ ಗಿರಾಕಿಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರ ನಂಬರ್ ಕೊಡಿ. ದೂರು ಬರೆಸುವಾಗ ಬಿಲ್ಲು ಬೇಕು, ಹಾಗಾಗಿ ಕಾಲು ಕಿಲೋ ಕೊಂಡವರಿಗೂ ಬಿಲ್ಲು ಕೊಡಿ.